ಉಳಿಕೆ ಮರದ ತುಂಡುಗಳು: ಮನೆಯ ಮರಗೆಲಸದ ಕೋಣೆಯಲ್ಲಿ ಜೋಡಿಸಿಡುವ ಕ್ರಮ

ಎರಡು ಮಳೆಗಾಲಗಳ ಹಿಂದೆ ಒಂದು ಡ್ರಾವರಿನ ಬದಿಗೆ 14 ಇಂಚು ಉದ್ದ, 4 ಇಂಚು ಅಗಲದ ಹಲಸಿನ ಹಲಗೆ ಬೇಕಾಗಿತ್ತು. ಅಂಥದೊಂದು ತುಂಡು ಇದೆಯೆಂಬುದು ನನಗೆ ಖಚಿತವಾಗಿ ಗೊತ್ತಿತ್ತು. ಅದನ್ನು ಕೊಯ್ದು ಬದಿಗಿಟ್ಟವನು ನಾನೇ. ಬಾಗಿಲ ಹಿಂದೆ, ಬೆಂಚಿನ ಅಡಿಯಲ್ಲಿ, ಅಟ್ಟದ ಮೇಲೆ ಒಂದೂವರೆ ಗಂಟೆ ಹುಡುಕಿಯೂ ಸಿಗದೆ, ಕೊನೆಗೆ 7 ಅಡಿಯ ಒಳ್ಳೆಯ ಹಲಗೆಯೊಂದರ ತುದಿಯನ್ನು ಕತ್ತರಿಸಿ ಕೆಲಸ ಮುಗಿಸಿದೆ. ಬೇಸಗೆಯಲ್ಲಿ ಕೋಣೆ ಗುಡಿಸುವಾಗ ಆ ತುಂಡು ಸಿಕ್ಕಿತು. ಪ್ಲೈವುಡ್ ರಾಶಿಯ ಹಿಂದೆ ಗೋಡೆಗೆ ಒರಗಿಕೊಂಡಿದ್ದ ಅದರ ಬಿಳಿ ಅಂಚನ್ನು ನೆಲದಿಂದ ಒಂದು ಗೇಣು ಎತ್ತರದವರೆಗೆ ಒರಲೆ ತಿಂದಿತ್ತು. ಹೊರಗಿನಿಂದ ನೋಡಿದರೆ ಹಲಗೆ ಇಡಿಯಾಗಿಯೇ ಕಾಣುತ್ತಿತ್ತು. ಹೆಬ್ಬೆರಳು ಒತ್ತಿದ ಕಡೆ ಮಾತ್ರ ಕಾಗದದಂತೆ ಒಳಕ್ಕೆ ಕುಸಿಯಿತು.

ಮರದ ತುಂಡನ್ನು ಉಳಿಸುವುದು ಬೇರೆ, ಅದು ಬೇಕಾದ ದಿನ ಕೈಗೆ ಸಿಗುವಂತೆ ಇಡುವುದು ಬೇರೆ ಎಂಬುದನ್ನು ಅಂದು ಒಪ್ಪಿಕೊಂಡೆ. ಅಲ್ಲಿಂದೀಚೆಗೆ ನಡೆಸಿಕೊಂಡು ಬಂದಿರುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ನನ್ನ ಕೋಣೆ ದಕ್ಷಿಣ ಕನ್ನಡದಲ್ಲಿದೆ. ಹಳೆಯ ಹಟ್ಟಿಯ ಒಂದು ಬದಿ, 12 ಅಡಿಗೆ 14 ಅಡಿ, ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಬಯಲುಸೀಮೆಯ ಒಣ ಊರುಗಳಲ್ಲಿ ಇರುವವರಿಗೆ ತೇವದ ಕುರಿತು ಹೇಳುವ ಮಾತುಗಳು ಅಷ್ಟಾಗಿ ಅನ್ವಯಿಸಲಾರವು. ಆದರೆ ಆರಿಸುವ, ಗುರುತು ಹಾಕುವ ಮತ್ತು ಜೋಡಿಸುವ ಕ್ರಮ ಎಲ್ಲಿಯಾದರೂ ಒಂದೇ.

ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ

ಇರುವ ರಾಶಿಯ ಮುಂದೆ ಕುಳಿತು ಅಲ್ಲಿಯೇ ಆರಿಸಲು ಹೊರಟರೆ ಕೆಲಸ ಮುಗಿಯುವುದಿಲ್ಲ. ಮಳೆಯಿಲ್ಲದ, ಗಾಳಿ ಒಣಗಿರುವ ಜನವರಿ ಅಥವಾ ಫೆಬ್ರವರಿಯ ಒಂದು ದಿನವನ್ನು ಇದಕ್ಕಾಗಿಯೇ ಮೀಸಲಿಟ್ಟು, ಕೋಣೆಯಲ್ಲಿರುವ ಪ್ರತಿಯೊಂದು ತುಂಡನ್ನೂ ಹೊರಗೆ ತಂದು ಹರಡಬೇಕು. ಅಂಗಳದ ಸುಡುಬಿಸಿಲಿನಲ್ಲಿ ಹರಡಬಾರದು. ಹಲಗೆಯ ಒಂದು ಮುಖ ಮಾತ್ರ ಕಾದು ಒಣಗಿದರೆ ಅದು ಬಿಸಿಲಿನ ಕಡೆಗೆ ದೊನ್ನೆಯಂತೆ ಬಾಗುತ್ತದೆ, ತೆಳು ಹಲಗೆಯಾದರೆ ಒಂದೆರಡು ಗಂಟೆಯೇ ಸಾಕು. ಮರದ ನೆರಳು, ಜಗಲಿ ಅಥವಾ ಚಪ್ಪರದ ಅಡಿ ಒಳ್ಳೆಯದು.

ಹರಡುವಾಗ ಪ್ರತಿ ತುಂಡನ್ನೂ ಎರಡು ಬಗೆಯ ಶತ್ರುಗಳಿಗಾಗಿ ನೋಡಬೇಕು. ಒರಲೆ, ಅಂದರೆ ಗೆದ್ದಲು, ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಮೇಲೇರುತ್ತದೆ. ಆದ್ದರಿಂದ ನೆಲಕ್ಕೂ ಗೋಡೆಗೂ ತಾಗಿದ್ದ ತುಂಡುಗಳ ಅಡಿಭಾಗವನ್ನು ಉಳಿಯ ತುದಿಯಿಂದ ಚುಚ್ಚಿ ನೋಡಬೇಕು. ಕುಟ್ಟೆ ಹುಳುವಿಗೆ ನೆಲದ ಸಂಪರ್ಕ ಬೇಕಾಗಿಲ್ಲ. ಮರದ ಮೇಲೆ ಒಂದೆರಡು ಮಿಲಿಮೀಟರಿನ ದುಂಡನೆಯ ತೂತುಗಳು, ತಟ್ಟಿದಾಗ ಉದುರುವ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾದ ಹಿಟ್ಟು ಅದರ ಗುರುತು. ಹಳೆಯ ತೂತು ಮಾತ್ರ ಇದ್ದು ಹಿಟ್ಟು ಉದುರದಿದ್ದರೆ ಹುಳು ಹೊರಟುಹೋಗಿರಬಹುದು. ಹಿಟ್ಟು ಬೆಳ್ಳಗೆ ಹೊಸದಾಗಿದ್ದರೆ ಒಳಗೆ ಇನ್ನೂ ಕೆಲಸ ನಡೆಯುತ್ತಿದೆಯೆಂದೇ ತಿಳಿಯಬೇಕು. ಸಂಶಯವಿರುವ ತುಂಡುಗಳನ್ನು ಉಳಿದವುಗಳಿಂದ ದೂರ, ಕೋಣೆಯ ಹೊರಗೆ ಇಡಬೇಕು. ಒಂದು ತುಂಡಿನ ಮೇಲಿನ ಮೋಹಕ್ಕೆ ಇಡೀ ಸಂಗ್ರಹವನ್ನು ಅಪಾಯಕ್ಕೆ ಒಡ್ಡುವುದು ಸರಿಯಲ್ಲ.

ಯಾವುದನ್ನು ಇಟ್ಟುಕೊಳ್ಳಬೇಕು

ಇದು ಇಡೀ ಕೆಲಸದ ಕಷ್ಟದ ಭಾಗ, ಏಕೆಂದರೆ ಮರವನ್ನು ಪ್ರೀತಿಸುವವರಿಗೆ ಯಾವ ತುಂಡನ್ನೂ ಬಿಡಲು ಮನಸ್ಸು ಬರುವುದಿಲ್ಲ. ನನ್ನ ಅನುಭವದಲ್ಲಿ ಎರಡು ಅಳತೆಗಳು ತೀರ್ಮಾನವನ್ನು ಸುಲಭವಾಗಿಸುತ್ತವೆ.

ಮೊದಲನೆಯದು ನೀವು ಮಾಡುವ ಕೆಲಸ. ಕಳೆದ ಒಂದು ವರ್ಷದಲ್ಲಿ ಮಾಡಿದ ವಸ್ತುಗಳನ್ನು ನೆನಪಿಸಿಕೊಂಡು, ಅವುಗಳಲ್ಲಿ ಬಳಸಿದ ಅತ್ಯಂತ ಚಿಕ್ಕ ಭಾಗ ಯಾವುದೆಂದು ಅಳೆಯಿರಿ. ಅದಕ್ಕಿಂತ ಚಿಕ್ಕದು ನಿಮಗೆ ಬೇಡ. ನಾನು ಮಣೆ, ಚಿಕ್ಕ ಪೆಟ್ಟಿಗೆ, ಗೋಡೆಯ ಕಪಾಟು ಇಂಥವನ್ನು ಮಾಡುತ್ತೇನೆ, ಆದ್ದರಿಂದ ಸಾಮಾನ್ಯ ಮರದಲ್ಲಿ 8 ಇಂಚಿಗಿಂತ ಗಿಡ್ಡವಾದ ತುಂಡನ್ನು ಇಡುವುದಿಲ್ಲ. ಪ್ಲೈವುಡ್ ಆದರೆ 1 ಅಡಿ ಚೌಕಕ್ಕಿಂತ ಕಡಿಮೆಯದು ಹೊರಗೆ. ಬೀಟೆ ಮತ್ತು ತೇಗದ ತಿರುಳಿಗೆ ಮಾತ್ರ 3 ಇಂಚಿನವರೆಗೆ ರಿಯಾಯಿತಿ ಇದೆ, ಅದು ಹಿಡಿಕೆ, ಗುಬಟು, ಕೆತ್ತನೆಗಳಿಗೆ ಆಗುತ್ತದೆ. ಆಟಿಕೆ ಮಾಡುವವರ ಅಳತೆ ಬೇರೆಯೇ ಆಗಿರುತ್ತದೆ: ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರದ ಕೈಬೆರಳಿನಷ್ಟು ತುಂಡಿನಲ್ಲಿಯೂ ಬೊಂಬೆಯ ತಲೆಯನ್ನು ಕಡೆಯಬಲ್ಲರು, ಮೈಸೂರಿನ ಮರದ ಕುಸುರಿ ಕೆಲಸದವರಿಗೆ ಬೇರೆ ಬೇರೆ ಬಣ್ಣದ ಮರದ ತೆಳು ಚೂರುಗಳೇ ಬಂಡವಾಳ. ನೀವು ಅಂಥ ಕೆಲಸ ಮಾಡುವವರಲ್ಲವಾದರೆ ಅವರ ಅಳತೆಯನ್ನು ನಿಮ್ಮದಾಗಿ ಮಾಡಿಕೊಳ್ಳಬೇಡಿ.

ಯಂತ್ರ ಬಳಸುವವರು ಇದಕ್ಕೆ ಇನ್ನೊಂದು ವಿಚಾರವನ್ನು ಸೇರಿಸಿಕೊಳ್ಳಬೇಕು. ಹಲಗೆಯ ಮುಖವನ್ನು ಹೆರೆದು ಸಮಮಾಡುವ ಪ್ಲೇನರ್ ಯಂತ್ರದಲ್ಲಿ 1 ಅಡಿಗಿಂತ ಗಿಡ್ಡವಾದ ತುಂಡನ್ನು ಹಾಯಿಸುವುದು ಸಾಮಾನ್ಯವಾಗಿ ಅಪಾಯಕರ. ರೋಲರುಗಳ ಹಿಡಿತ ತಪ್ಪಿ ಮರ ಸಿಡಿಯುತ್ತದೆ. ಅಂಥ ತುಂಡುಗಳನ್ನು ಕೈ ತೋಪಡದಿಂದ ಹದಗೊಳಿಸುವ ಅಭ್ಯಾಸವಿದ್ದರೆ ಇಡಿ, ಇಲ್ಲವಾದರೆ ಅವು ಎಷ್ಟೇ ಅಂದವಾಗಿದ್ದರೂ ಕಪಾಟಿನಲ್ಲಿಯೇ ಉಳಿಯುತ್ತವೆ.

ಎರಡನೆಯ ಅಳತೆ ಜಾಗ. ಗಿಡ್ಡ ತುಂಡುಗಳಿಗೆ ಇಷ್ಟೇ ಕ್ರೇಟು ಎಂದು ಮೊದಲೇ ತೀರ್ಮಾನಿಸಿ, ಅದು ತುಂಬಿದ ಮೇಲೆ ಹೊಸದೊಂದು ಒಳಬರಬೇಕಾದರೆ ಹಳೆಯದೊಂದು ಹೊರಹೋಗಬೇಕು. ನನ್ನಲ್ಲಿ ನಾಲ್ಕು ಕ್ರೇಟುಗಳಿವೆ. ಐದನೆಯದನ್ನು ಕೊಳ್ಳುವ ಆಸೆ ಹಲವು ಸಲ ಬಂದಿದೆ, ಕೊಂಡಿಲ್ಲ.

ಇವೆರಡೂ ಅಳತೆಗಳಲ್ಲಿ ಪಾಸಾದರೂ ಕೆಲವನ್ನು ತಳ್ಳಿಹಾಕಬೇಕಾಗುತ್ತದೆ. ಕಾಂಡದ ನಡುಬಿಂದು ಇರುವ ತುಂಡು ಇವತ್ತಲ್ಲದಿದ್ದರೆ ನಾಳೆ ಅಲ್ಲಿಂದಲೇ ಸೀಳುತ್ತದೆ. ಮೊಳೆ ಮುರಿದು ಒಳಗೆ ಉಳಿದ ಹಳೆಯ ರೀಪು ನಿಮ್ಮ ಗರಗಸದ ಹಲ್ಲನ್ನು ಕೆಡಿಸುತ್ತದೆ. ತಿರುಚಿಕೊಂಡ ಹಲಗೆಯನ್ನು ನೇರಗೊಳಿಸುವಾಗ 1 ಇಂಚಿನ ದಪ್ಪ ಅರ್ಧ ಇಂಚಿಗೆ ಇಳಿಯುತ್ತದೆ, ಆದ್ದರಿಂದ ಅದನ್ನು ಅರ್ಧ ಇಂಚಿನ ಹಲಗೆಯೆಂದೇ ಎಣಿಸಿ ತೀರ್ಮಾನಿಸಬೇಕು. ಪ್ಲೈವುಡ್ಡಿನ ಪದರ ಬಿಟ್ಟಿದ್ದರೆ ಅದರ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ.

ಪ್ರತಿ ತುಂಡಿನ ಮೇಲೂ ಬರೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ. ಕೊಯ್ದ ದಿನವೇ, ತುಂಡನ್ನು ಬದಿಗಿಡುವ ಮೊದಲೇ, ಅದರ ಮೇಲೆ ಮರದ ಹೆಸರು, ತಿಂಗಳು ಮತ್ತು ವರ್ಷ, ಎಲ್ಲಿಂದ ಬಂತು ಎಂಬ ಮೂರು ಸಂಗತಿಗಳನ್ನು ಪೆನ್ಸಿಲಿನಲ್ಲಿ ಬರೆಯಬೇಕು. ‘ಹಲಸು, 3/2024, ಹಿತ್ತಿಲ ಮರ’ ಎಂದಿದ್ದರೆ ಸಾಕು. ಚಾಕ್ ಉಜ್ಜಿ ಹೋಗುತ್ತದೆ, ಮಾರ್ಕರಿನ ಶಾಯಿ ತಿಳಿಬಣ್ಣದ ಮರದೊಳಕ್ಕೆ ಇಳಿದು ತೋಪಡಕ್ಕೂ ಜಗ್ಗುವುದಿಲ್ಲ. ಹಲಗೆಯ ಒಂದು ತುದಿಯಲ್ಲಿ ಬರೆದು, ಮುಂದೆ ಕತ್ತರಿಸುವಾಗ ಯಾವಾಗಲೂ ಇನ್ನೊಂದು ತುದಿಯಿಂದ ಕತ್ತರಿಸುವ ರೂಢಿ ಮಾಡಿಕೊಂಡರೆ ಬರಹ ಕೊನೆಯ ತುಂಡಿನವರೆಗೂ ಉಳಿಯುತ್ತದೆ.

ಪ್ಲೈವುಡ್ಡಿನಲ್ಲಿ ದಪ್ಪ ಮತ್ತು ದರ್ಜೆಯನ್ನು ಬರೆಯಬೇಕು. ಹಾಳೆಯ ಒಂದು ಮೂಲೆಯಲ್ಲಿ ಮಾತ್ರ ಇರುವ ಐಎಸ್ (ಭಾರತೀಯ ಮಾನಕ) 303 ಅಥವಾ ಐಎಸ್ 710 ಎಂಬ ಮುದ್ರೆ ಕತ್ತರಿಸಿದ ಮೇಲೆ ಉಳಿದ ತುಂಡುಗಳಲ್ಲಿ ಇರುವುದಿಲ್ಲ. ಐಎಸ್ 303 ಸಾಮಾನ್ಯ ಬಳಕೆಯದು, ಐಎಸ್ 710 ನೀರಿಗೆ ತಡೆಯುವ ಮರೈನ್ ಪ್ಲೈ. ಎರಡು ವರ್ಷದ ನಂತರ ಅಡುಗೆಮನೆಯ ಸಿಂಕಿನ ಅಡಿಗೆ ಹಾಕುವಾಗ ಇವೆರಡರ ವ್ಯತ್ಯಾಸ ಬಹಳ ಮುಖ್ಯವಾಗುತ್ತದೆ, ಕಣ್ಣಿಗೆ ಮಾತ್ರ ಎರಡೂ ಒಂದೇ ತರಹ ಕಾಣುತ್ತವೆ. ತೇಗ ಮತ್ತು ಬೀಟೆಯನ್ನು ಕೊಂಡ ಬಿಲ್ಲುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಇಟ್ಟುಕೊಳ್ಳುವುದೂ ಜಾಣತನ; ಅರಣ್ಯ ಕಾನೂನಿನ ಕಣ್ಣಿರುವ ಮರಗಳವು.

ಹೆಸರಿಲ್ಲದೆ ಈಗಾಗಲೇ ಬಿದ್ದಿರುವ ಹಳೆಯ ತುಂಡುಗಳನ್ನು ಏನು ಮಾಡುವುದು? ಧೂಳು ಕುಳಿತು ಬೂದಿಬಣ್ಣಕ್ಕೆ ತಿರುಗಿದ ಮೇಲೆ ಎಲ್ಲ ಮರಗಳೂ ಒಂದೇ. ಆದರೆ ತೋಪಡದಿಂದ ಒಂದು ಗೀರು ತೆಗೆದರೆ ಮರ ತನ್ನ ಗುರುತನ್ನು ತಾನೇ ಹೇಳುತ್ತದೆ. ತೇಗದ ಚಕ್ಕೆ ಬೆರಳಿಗೆ ಸ್ವಲ್ಪ ಎಣ್ಣೆ ಎಣ್ಣೆಯಾಗಿ ತಾಗುತ್ತದೆ, ಹೊಸ ಚರ್ಮದಂಥ ವಾಸನೆ ಇರುತ್ತದೆ. ಹಲಸು ಹೊಸದಾಗಿ ಕೆತ್ತಿದ ಕಡೆ ಅರಸಿನ ಬಣ್ಣ, ಗಾಳಿಗೆ ಬಿಟ್ಟ ಹಾಗೆ ಕಂದಾಗುತ್ತದೆ. ಸಂಶಯವಿದ್ದರೆ ಅದರ ಹೊಟ್ಟನ್ನು ಒಂದು ಲೋಟ ಬಿಸಿನೀರಿಗೆ ಹಾಕಿ, ನೀರು ಹಳದಿಯಾಗುತ್ತದೆ. ಬೀಟೆ ಕೈಗೆತ್ತಿಕೊಂಡಾಗಲೇ ಭಾರ, ನೇರಳೆ ಛಾಯೆಯ ಕಪ್ಪುಗೆರೆಗಳು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್‌ನಲ್ಲಿ ಬೆಳಕಿಗೆ ಓರೆ ಹಿಡಿದರೆ ಮೀನಿನ ಹುರುಪೆಯಂತೆ ಹೊಳೆಯುವ ಮಚ್ಚೆಗಳಿರುತ್ತವೆ. ರಬ್ಬರ್ ಮರ ಕೆನೆಬಣ್ಣದ್ದು, ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಇಷ್ಟು ಮಾಡಿಯೂ ತಿಳಿಯದಿದ್ದರೆ ಊರಿನ ಆಚಾರ್ರ ಬಳಿಗೆ ಒಯ್ದು ತೋರಿಸಬೇಕು. ನಾನು ಹಾಗೆ ಒಯ್ದ ಒಂದು ತುಂಡನ್ನು ನಮ್ಮೂರಿನ ಹಿರಿಯ ಆಚಾರ್ರು ನೋಡಲೂ ಇಲ್ಲ, ಬೆರಳ ಗೆಣ್ಣಿನಿಂದ ತಟ್ಟಿ, “ಮತ್ತಿ. ಆದ್ರೆ ಇದು ಒಣಗ್ಲಿಲ್ಲ ಮಾರಾಯ್ರೇ, ಶಬ್ದ ಕೇಳಿ” ಎಂದರು. ಪಕ್ಕದಲ್ಲಿದ್ದ ಒಣ ತುಂಡನ್ನು ತಟ್ಟಿದಾಗ ಅದು ಟಣ್ಣೆಂದಿತು, ನನ್ನದು ಮಂಕಾಗಿ ಡಬ್ ಎಂದಿತ್ತು. ಅಂದಿನಿಂದ ತಟ್ಟದೆ ಯಾವ ತುಂಡನ್ನೂ ಒಳಗಿಡುವುದಿಲ್ಲ.

ತೇವ, ಗಾಳಿ ಮತ್ತು ಇಡುವ ಸ್ಥಳ

ಒಣಗಿಸಿದ ಮರವೂ ಸುತ್ತಲಿನ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತಲೂ ಬಿಡುತ್ತಲೂ ಇರುತ್ತದೆ. ನಮ್ಮ ಕಡೆಯ ಜುಲೈ ತಿಂಗಳಿನಲ್ಲಿ ಗಾಳಿಯ ಆರ್ದ್ರತೆ ದಿನಗಟ್ಟಲೆ 85ರಿಂದ 90 ಶೇಕಡಾ ಇರುವಾಗ, ತೆರೆದಿಟ್ಟ ಮರದ ತೇವಾಂಶ ಕ್ರಮೇಣ ಅದರ ಒಣತೂಕದ 18ರಿಂದ 20 ಶೇಕಡಾದ ಕಡೆಗೆ ಏರುತ್ತದೆ. ಆರ್ದ್ರತೆ 60ರ ಸುಮಾರಿಗೆ ಇಳಿದಾಗ ಅದೇ ಮರ 11ರ ಹತ್ತಿರಕ್ಕೆ ಬರುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಸಾಮಾನ್ಯವಾಗಿ 20 ಶೇಕಡಾಕ್ಕಿಂತ ಹೆಚ್ಚು ತೇವಾಂಶ ಬೇಕು. ಕರಾವಳಿಯ ಮಳೆಗಾಲದಲ್ಲಿ ಮರ ಆ ಗಡಿಯ ಅಂಚಿನಲ್ಲಿಯೇ ಇರುತ್ತದೆಯೆಂಬುದನ್ನು ಇದರಿಂದ ತಿಳಿಯಬಹುದು. ಗೋಡೆಯ ಒಸರು ಅಥವಾ ಹಂಚಿನ ಒಂದು ಸಣ್ಣ ಸೋರಿಕೆ ಸೇರಿದರೆ ಗಡಿ ದಾಟುತ್ತದೆ.

ಈ ಏರಿಳಿತದಿಂದ ಅಳತೆಯೂ ಬದಲಾಗುತ್ತದೆ. ಮರ ಉದ್ದಕ್ಕೆ ಬಹುತೇಕ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ. 12 ಇಂಚು ಅಗಲದ ತೇಗದ ಹಲಗೆಯ ತೇವಾಂಶ 12ರಿಂದ 18 ಶೇಕಡಾಕ್ಕೆ ಏರಿದರೆ ಅಗಲ ಸುಮಾರು ಒಂದು ನೂಲಿನಷ್ಟು, ಅಂದರೆ ಇಂಚಿನ ಎಂಟನೆಯ ಒಂದು ಭಾಗದಷ್ಟು, ಹೆಚ್ಚಬಹುದು. ಆದ್ದರಿಂದ ಆಗಸ್ಟಿನಲ್ಲಿ ರಾಶಿಯಿಂದ ತೆಗೆದ ತುಂಡಿನಿಂದ ಬಿಗಿಯಾದ ಡ್ರಾವರ್ ಮಾಡಿದರೆ ಅದು ಮಾರ್ಚಿನಲ್ಲಿ ಲೊಡಲೊಡ ಅನ್ನುತ್ತದೆ.

ನಾವು ಮಾಡಬಹುದಾದದ್ದು ಗಾಳಿಯಾಡುವಂತೆ ನೋಡಿಕೊಳ್ಳುವುದು. ಯಾವ ತುಂಡೂ ನೆಲಕ್ಕೆ ತಾಗಬಾರದು, ಕನಿಷ್ಠ 6 ಇಂಚು ಮೇಲಿರಬೇಕು. ಗೋಡೆಗೂ ಮರಕ್ಕೂ ನಡುವೆ 2 ಇಂಚು ಬಿಡಬೇಕು, ಒರಲೆಯ ಕೊಳವೆ ಬಂದರೆ ಕಣ್ಣಿಗೆ ಬೀಳುವುದಕ್ಕೂ ಈ ಅಂತರ ಬೇಕು. ಅಗಲ ಹಲಗೆಗಳನ್ನು ಒಂದರ ಮೇಲೊಂದು ನೇರವಾಗಿ ಪೇರಿಸದೆ, ನಡುವೆ ಅರ್ಧ ಅಥವಾ ಮುಕ್ಕಾಲು ಇಂಚಿನ ಒಣ ರೀಪುಗಳನ್ನು ಅಡ್ಡಕ್ಕೆ ಇಡಬೇಕು. ಈ ರೀಪುಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ನೇರದಲ್ಲಿ ಬರಬೇಕು, ಇಲ್ಲವಾದರೆ ಮೇಲಿನ ಭಾರ ಕೆಳಗಿನ ಹಲಗೆಯನ್ನು ಬಗ್ಗಿಸುತ್ತದೆ. ಹಸಿ ರೀಪು ಇಟ್ಟರೆ ತಾಗಿದ ಕಡೆಯೆಲ್ಲ ಕಲೆ ಬೀಳುತ್ತದೆ, ಎಷ್ಟು ತೋಪಡ ಹೊಡೆದರೂ ಅದು ಹೋಗುವುದು ಕಷ್ಟ. ಮಳೆಗಾಲವೆಂದು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುವವರಿದ್ದಾರೆ. ಒಳಗಿನ ತೇವ ಅಲ್ಲಿಯೇ ಸಿಕ್ಕಿಬಿದ್ದು ಬೂಷ್ಟು ಬರುತ್ತದೆ, ಹಾಗೆ ಮಾಡಬಾರದು.

ತುಂಡಿನ ಕೊಯ್ದ ತುದಿಗಳಿಂದ ತೇವ ಹೊರಹೋಗುವ ವೇಗ ಮುಖಗಳಿಗಿಂತ ಹಲವು ಪಟ್ಟು ಹೆಚ್ಚು. ತುದಿ ಬೇಗ ಒಣಗಿ ಕುಗ್ಗಿ, ನಡುಭಾಗ ಹಾಗೆಯೇ ಇರುವುದರಿಂದ ಸೀಳು ಬಿಡುತ್ತದೆ. ಇನ್ನೂ ಪೂರ್ತಿ ಒಣಗದ ತುಂಡಿನ ಎರಡೂ ತುದಿಗಳಿಗೆ ಕರಗಿಸಿದ ಮೇಣವನ್ನೋ ಉಳಿದ ಬಣ್ಣವನ್ನೋ ಹಚ್ಚಿದರೆ ಇದನ್ನು ತಡೆಯಬಹುದು. ಹಸಿ ಮರವು 1 ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ನೆರಳಿನಲ್ಲಿ ಒಣಗಬೇಕೆಂಬುದು ಬಡಗಿಗಳ ಹಳೆಯ ಲೆಕ್ಕ. ತುಂಡಿನ ಮೇಲೆ ದಿನಾಂಕ ಬರೆದಿದ್ದರೆ ಈ ಲೆಕ್ಕ ಹಾಕುವುದು ಸುಲಭವೆಂದು ಬೇರೆ ಹೇಳಬೇಕಾಗಿಲ್ಲ.

ಜೋಡಿಸುವುದು

ಹಲವರು ಮರದ ಜಾತಿಯ ಪ್ರಕಾರ ವಿಂಗಡಿಸುತ್ತಾರೆ. ನಾನೂ ಮೊದಲು ಹಾಗೆಯೇ ಮಾಡಿದ್ದೆ, ಆಮೇಲೆ ಬಿಟ್ಟೆ. ತುಂಡನ್ನು ಹುಡುಕಲು ಹೋದಾಗ ನಮ್ಮ ಮನಸ್ಸಿನಲ್ಲಿರುವುದು ಮೊದಲು ಅಳತೆ, ಬಳಿಕ ಮರ. ಆದ್ದರಿಂದ ಗಟ್ಟಿ ಮರ ಮತ್ತು ಪ್ಲೈವುಡ್ ಎಂದು ಮೊದಲು ಎರಡಾಗಿ ಮಾಡಿ, ಗಟ್ಟಿ ಮರವನ್ನು ಉದ್ದದ ಪ್ರಕಾರ ಮೂರು ಗುಂಪಾಗಿ ಇಡುವುದು ಹೆಚ್ಚು ಉಪಯುಕ್ತ: 3 ಅಡಿಗಿಂತ ಉದ್ದದವು ಗೋಡೆಯ ಚೌಕಟ್ಟಿಗೆ, 1ರಿಂದ 3 ಅಡಿಯವು ನಿಲ್ಲಿಸುವ ಪೆಟ್ಟಿಗೆಗೆ, ಅದಕ್ಕಿಂತ ಗಿಡ್ಡವಾದವು ಕ್ರೇಟಿಗೆ. ಬೀಟೆ ಮತ್ತು ತೇಗದ ಚಿಕ್ಕ ತುಂಡುಗಳಿಗೆ ಮಾತ್ರ ಪ್ರತ್ಯೇಕ ತಗಡಿನ ಡಬ್ಬಿ.

ಗೋಡೆಯ ಚೌಕಟ್ಟನ್ನು ಕಟ್ಟುವಾಗ ಭಾರದ ಅಂದಾಜು ಇರಬೇಕು. ಒಣಗಿದ ತೇಗ ಘನ ಅಡಿಗೆ 18 ಕಿಲೋ ಮೇಲ್ಪಟ್ಟು ತೂಗುತ್ತದೆ. 6 ಅಡಿ ಉದ್ದ, 6 ಇಂಚು ಅಗಲ, 1 ಇಂಚು ದಪ್ಪದ ಒಂದು ಹಲಗೆಯೆಂದರೆ ಕಾಲು ಘನ ಅಡಿ, ಸುಮಾರು ನಾಲ್ಕೂವರೆ ಕಿಲೋ. ಅಂಥ 20 ಹಲಗೆಗಳಾದರೆ 90 ಕಿಲೋ ದಾಟಿತು. ಕೆಂಪುಕಲ್ಲಿನ ಗೋಡೆಯಲ್ಲಿ ಬೋಲ್ಟು ಇಷ್ಟು ಭಾರಕ್ಕೆ ನಿಲ್ಲುವುದಿಲ್ಲ, ಕಲ್ಲು ಪುಡಿಯಾಗಿ ತೂತು ಸಡಿಲಾಗುತ್ತದೆ. ಆದ್ದರಿಂದ ಭಾರವು ನೆಲಕ್ಕೆ ಇಳಿಯುವಂತೆ ಕಂಬಗಳನ್ನು ನಿಲ್ಲಿಸಿ, ಗೋಡೆಗೆ ಹಾಕುವ ಬೋಲ್ಟನ್ನು ಚೌಕಟ್ಟು ಮುಂದಕ್ಕೆ ಬೀಳದಂತೆ ಹಿಡಿಯಲು ಮಾತ್ರ ಬಳಸಬೇಕು. ನಾನು 2 ಇಂಚಿಗೆ 3 ಇಂಚಿನ ನಾಲ್ಕು ಕಂಬಗಳನ್ನು 2 ಅಡಿಗೊಂದರಂತೆ ನಿಲ್ಲಿಸಿ, ಅಡಿಯಲ್ಲಿ ಗ್ರಾನೈಟ್ ಚೂರು ಇಟ್ಟಿದ್ದೇನೆ. ಮರ ನೇರವಾಗಿ ನೆಲ ಮುಟ್ಟುವುದಿಲ್ಲ. ಪ್ರತಿ ಕಂಬಕ್ಕೂ 1 ಅಡಿ ಉದ್ದದ ತೋಳುಗಳು, ಒಂದರಿಂದ ಒಂದಕ್ಕೆ 10 ಇಂಚು ಅಂತರ. ತೋಳಿನ ಮುಂತುದಿ ಹಿಂತುದಿಗಿಂತ ಎರಡು ನೂಲು ಮೇಲಿದ್ದರೆ ಹಲಗೆ ಜಾರಿ ಮುಂದೆ ಬರುವುದಿಲ್ಲ. ಭಾರವಾದವು ಕೆಳಗೆ, ರೀಪಿನಂಥ ಹಗುರವಾದವು ಮೇಲೆ. ತೋಳುಗಳ ಅಂತರ 2 ಅಡಿಗಿಂತ ಹೆಚ್ಚಾದರೆ ತೆಳು ಹಲಗೆ ನಡುವೆ ಜೋತು, ಒಂದು ಮಳೆಗಾಲದಲ್ಲಿ ಅದೇ ಆಕಾರಕ್ಕೆ ನಿಂತುಬಿಡುತ್ತದೆ.

ಮೂಲೆಗೆ ಒರಗಿಸಿ ನಿಲ್ಲಿಸಿದ ಉದ್ದ ಬೀಡಿಂಗ್ ಪಟ್ಟಿಗಳಿಗೂ ಇದೇ ಗತಿ. ಇವುಗಳಿಗೆ ಉಳಿದ 4 ಇಂಚಿನ ಪಿವಿಸಿ ಪೈಪನ್ನು 3 ಅಡಿಯ ತುಂಡುಗಳಾಗಿ ಕತ್ತರಿಸಿ, ಮಾಡಿನ ಅಡ್ಡತೊಲೆಗೆ ಮಲಗಿಸಿ ಕಟ್ಟಿದರೆ ಒಳ್ಳೆಯ ಗೂಡಾಗುತ್ತದೆ.

ಪ್ಲೈವುಡ್ಡನ್ನು ಅಂಚಿನ ಮೇಲೆ ನಿಲ್ಲಿಸಿಡಬೇಕು, ಆದರೆ ಬಾಗಲು ಆಸ್ಪದವಿಲ್ಲದಂತೆ. 8 ಅಡಿಗೆ 4 ಅಡಿಯ 18 ಮಿಲಿಮೀಟರ್ ಹಾಳೆಯೊಂದು 32ರಿಂದ 35 ಕಿಲೋ ತೂಗುವುದರಿಂದ ಅರ್ಧ ಹಾಳೆಗಳನ್ನೂ ಮೇಲಿಡುವ ಪ್ರಶ್ನೆ ಬರುವುದಿಲ್ಲ. ಎರಡು ರೀಪುಗಳ ಮೇಲೆ ನಿಂತ, ನಾಲ್ಕು ಅಡ್ಡಗೋಡೆಗಳಿರುವ ಒಂದು ಪೆಟ್ಟಿಗೆಯನ್ನು ಮಾಡಿ, 6, 12, 18 ಮಿಲಿಮೀಟರ್ ಹೀಗೆ ದಪ್ಪಕ್ಕೊಂದು ಸಂದಿಯೆಂದು ಬಿಟ್ಟರೆ ಪುಸ್ತಕದ ಕಪಾಟಿನಿಂದ ಪುಸ್ತಕ ತೆಗೆದ ಹಾಗೆ ಬೇಕಾದ್ದನ್ನು ತೆಗೆಯಬಹುದು. ಅದರ ಅಡಿಗೆ ನಾಲ್ಕು ಚಕ್ರ ಹಾಕಿದರೆ ಹಿಂದೆ ಗುಡಿಸಲು ಅನುಕೂಲ. ನನ್ನ ಹಲಸಿನ ತುಂಡು ಕಾಣೆಯಾದದ್ದು ಅಂಥದೊಂದು ಪ್ಲೈ ರಾಶಿಯ ಹಿಂದೆ.

ಗಿಡ್ಡ ತುಂಡುಗಳಿಗೆ ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಬದಿಯ ತೂತುಗಳಿಂದ ಗಾಳಿಯಾಡುತ್ತದೆ, ಒಳಗೇನಿದೆಯೆಂದು ಕಾಣುತ್ತದೆ. ತುಂಡುಗಳನ್ನು ಮಲಗಿಸದೆ, ಬರಹವಿರುವ ತುದಿ ಮೇಲೆ ಬರುವಂತೆ ನಿಲ್ಲಿಸಿಡಬೇಕು. ಮಲಗಿಸಿದರೆ ಅಡಿಯಲ್ಲಿರುವವುಗಳನ್ನು ಮತ್ತೆ ಯಾರೂ ನೋಡುವುದಿಲ್ಲ.

ಹುಳು ಮತ್ತು ಬೆಂಕಿ

ಕುಟ್ಟೆ ಹುಳುವಿಗೆ ಬೇಕಾದದ್ದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟ. ತೇಗ, ಹಲಸು, ಬೀಟೆಗಳ ತಿರುಳು ಅದಕ್ಕೆ ರುಚಿಸುವುದಿಲ್ಲ, ಆದರೆ ಅವುಗಳ ಬಿಳಿ ಅಂಚು ರುಚಿಸುತ್ತದೆ. ಆದ್ದರಿಂದ ಉಳಿಕೆ ತುಂಡುಗಳ ಬಿಳಿ ಅಂಚನ್ನು ಕೊಯ್ದು ತೆಗೆದೇ ಇಡುವುದು ಅತ್ಯುತ್ತಮ ಔಷಧ. ರಬ್ಬರ್ ಮರದ ವಿಷಯ ಬೇರೆ. ಅದರಲ್ಲಿ ಪಿಷ್ಟ ತುಂಬಿರುವುದರಿಂದ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಸಂಸ್ಕರಿಸದ ರಬ್ಬರ್ ಮರವನ್ನು ಮನೆಗೆ ತರಲೇಬಾರದು. ಕಾರ್ಖಾನೆಯಲ್ಲಿ ಸಂಸ್ಕರಿಸಿದ್ದೂ ನೀರಿನಲ್ಲಿ ನೆನೆದರೆ ಬೋರಾನ್ ತೊಳೆದುಹೋಗುತ್ತದೆ, ಒಣಗಿದ ಜಾಗದಲ್ಲಿಯೇ ಇರಬೇಕು. ಮರದ ರಕ್ಷಣೆಯ ಕುರಿತು ಅಧಿಕೃತವಾಗಿ ತಿಳಿಯಬಯಸುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

ಹುಳು ಬಂದಿದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಚೌಕಟ್ಟಿನ ಅಡಿಯಲ್ಲಿ, ಕ್ರೇಟುಗಳ ಕೆಳಗೆ ಕಪ್ಪು ಕಾಗದ ಹಾಸಿ, ತಿಂಗಳಿಗೊಮ್ಮೆ ನೋಡಬೇಕು. ಕಪ್ಪಿನ ಮೇಲೆ ಬಿಳಿ ಹಿಟ್ಟಿನ ಚಿಕ್ಕ ಗುಪ್ಪೆ ಕಂಡರೆ ಅದರ ನೇರ ಮೇಲಿರುವ ತುಂಡೇ ಅಪರಾಧಿ. ಕಾಗದವನ್ನು ಕೊಡವಿ ಮತ್ತೆ ಹಾಸಿದರೆ ಮುಂದಿನ ತಿಂಗಳ ಲೆಕ್ಕ ಸಿಗುತ್ತದೆ.

ಬೆಂಕಿಯ ವಿಷಯವನ್ನು ಚುಟುಕಾಗಿ ಆದರೂ ಒತ್ತಿ ಹೇಳಬೇಕು. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ತುಂಡುಗಳ ಕ್ರೇಟಿಗೆ ಎಸೆಯುವುದು ನಿಜಕ್ಕೂ ಅಪಾಯಕಾರಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಶಾಖ ಹೊರಹೋಗದೆ ಸೇರುತ್ತಾ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು, ಕಿಡಿ ಬೇಕಾಗಿಲ್ಲ. ಅಂಥ ಬಟ್ಟೆಯನ್ನು ಹೊರಗೆ ಬಿಡಿಸಿ ತಂತಿಯ ಮೇಲೆ ಒಣಗಿಸಬೇಕು ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಮರದ ರಾಶಿಯನ್ನು ಸ್ವಿಚ್ ಬೋರ್ಡಿನ ಅಡಿಯಲ್ಲಿ ಇಡಬಾರದು, ಹೊಟ್ಟನ್ನು ದಿನದ ಕೊನೆಗೆ ಗುಡಿಸಿ ಹೊರಗೆ ಹಾಕಬೇಕು.

ಬಳಸುವುದು, ಬಿಡುವುದು

ಹೊಸ ಹಲಗೆಗೆ ಗರಗಸ ಹಚ್ಚುವ ಮೊದಲು ಕ್ರೇಟನ್ನು ನೋಡಬೇಕೆಂಬ ನಿಯಮವನ್ನು ಕೋಣೆಯ ಬಾಗಿಲಿಗೇ ಬರೆದು ಅಂಟಿಸಿದ್ದೇನೆ. ಬೆಣೆ, ಗೂಟ, ಬಾಗಿಲಿನ ತಡೆ, ಅಂಟು ಹಾಕುವಾಗ ಕ್ಲಾಂಪಿನ ಅಡಿಗೆ ಇಡುವ ಚಪ್ಪಟೆ ತುಂಡು ಇವಕ್ಕೆಲ್ಲ ಯಾವ ಮರವಾದರೂ ಆಗುತ್ತದೆ. ಒಂದೇ ದಪ್ಪದ ಹಲಸಿನ ಪಟ್ಟಿಗಳನ್ನು ಅಂಚಿಗೆ ಅಂಚು ಅಂಟಿಸಿ ಕುಳಿತುಕೊಳ್ಳುವ ಮಣೆ ಮಾಡಬಹುದು. ಹಾಗೆ ಮಾಡುವಾಗ ಎಲ್ಲ ಪಟ್ಟಿಗಳೂ ಕನಿಷ್ಠ ಎರಡು ವಾರ ಒಂದೇ ಜಾಗದಲ್ಲಿ ಇದ್ದು ಒಂದೇ ತೇವಕ್ಕೆ ಬಂದಿರಬೇಕು, ಇಲ್ಲವಾದರೆ ಅಂಟಿದ ಗೆರೆಗಳು ಬಿಡುತ್ತವೆ. ತೇಗ ಮತ್ತು ಬೀಟೆಯ ಧೂಳು ಕೆಲವರಿಗೆ ಚರ್ಮದ ತುರಿಕೆ ತರುವುದರಿಂದ ಉಜ್ಜುವಾಗ ಮುಖಗವಸು ಹಾಕಿಕೊಳ್ಳುವುದು ಕ್ಷೇಮ.

ಬೇಡವೆಂದು ತೀರ್ಮಾನಿಸಿದ್ದನ್ನೆಲ್ಲ ಬಚ್ಚಲ ಒಲೆಗೆ ಹಾಕುವ ವಾಡಿಕೆ ನಮ್ಮ ಕಡೆ ಇದೆ. ಬಣ್ಣ, ಪಾಲಿಶ್, ಅಂಟು ಯಾವುದೂ ತಾಗದ ಶುದ್ಧ ಮರಕ್ಕೆ ಅದು ಸರಿ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ), ಸಂಸ್ಕರಿಸಿದ ರಬ್ಬರ್ ಮರ ಇವುಗಳನ್ನು ಒಲೆಗೆ ಹಾಕಬಾರದು. ಅಂಟಿನ ಮತ್ತು ರಾಸಾಯನಿಕದ ಹೊಗೆ ಮನೆಯವರ ಉಸಿರಿಗೇ ಸೇರುತ್ತದೆ, ಅಂಥ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುವಂತೆಯೂ ಇಲ್ಲ. ಹತ್ತಿರದ ಶಾಲೆಯಲ್ಲಿ ಕರಕುಶಲ ತರಗತಿ ಇದ್ದರೆ ನುಣುಪಾದ ಸಣ್ಣ ತುಂಡುಗಳನ್ನು ಅಲ್ಲಿಗೆ ಕೊಡಬಹುದು, ಮಕ್ಕಳು ಅದರಿಂದ ಬಂಡಿ ಮಾಡುತ್ತಾರೆ.

ಈ ವ್ಯವಸ್ಥೆಯನ್ನು ವರ್ಷಕ್ಕೆ ಎರಡು ಸಲ ಪರಿಶೀಲಿಸಬೇಕು. ಮೊದಲನೆಯದು ಮೇ ತಿಂಗಳ ನಡುವೆ, ಮಳೆ ಬರುವ ಮೊದಲು: ಹಂಚಿನ ಸೋರಿಕೆ ನೋಡಿ, ಕೆಳಗಿನ ಸಾಲನ್ನು ಖಾಲಿ ಮಾಡಿ ಗುಡಿಸಿ, ಕಂಬಗಳ ಅಡಿಯ ಕಲ್ಲಿನ ಸುತ್ತ ಮಣ್ಣಿನ ಕೊಳವೆಗಳಿವೆಯೇ ಎಂದು ಬ್ಯಾಟರಿ ಬಿಟ್ಟು ನೋಡಬೇಕು. ಎರಡನೆಯದು ಅಕ್ಟೋಬರಿನಲ್ಲಿ, ಮಳೆ ಬಿಟ್ಟು ಎರಡು ವಾರಗಳಾದ ಮೇಲೆ. ಆಗ ಗೋಡೆಗೆ ಹತ್ತಿರವಿರುವ, ಅತ್ಯಂತ ಕೆಳಗಿನ ಹಲಗೆಯಿಂದ ಆರಂಭಿಸಿ, ಒಂದೊಂದನ್ನೇ ಎತ್ತಿ, ತಿರುಗಿಸಿ, ಅಡಿಮುಖದ ಮೇಲೆ ಹೆಬ್ಬೆರಳು ಒತ್ತಿ ನೋಡಿ, ಬೂಷ್ಟು ಹಿಡಿದಿದ್ದರೆ ಒಣಬಟ್ಟೆಯಿಂದ ಒರೆಸಿ, ಪೆನ್ಸಿಲಿನ ಬರಹ ಮಾಸಿದ್ದರೆ ಅದರ ಮೇಲೆಯೇ ಮತ್ತೊಮ್ಮೆ ಬರೆದು ಒಳಗಿಡಬೇಕು. ನನ್ನ ಕೋಣೆಯ ಅಳತೆಗೆ ಇದು ಅರ್ಧ ದಿನದ ಕೆಲಸ.